ಬಾಯಿ ಮುಂದಿರುವ ಚೀಲ

ಇವತ್ತು ಬೆಳಿಗ್ಗೆ ಚೀಲಕ್ಕೆ ಎಣ್ಣೆ ಹಚ್ಚಲು ಕುಳಿತಿದ್ದೆ. ತೊಗಲಿನ ಚೀಲ. ಮಳೆಗಾಲ ಮುಗಿದು ಚಳಿ ಬೀಳುವ ಮೊದಲು ಒಮ್ಮೆ ಔಡಲ ಎಣ್ಣೆ ಕುಡಿಸದಿದ್ದರೆ ಹೊಲಿಗೆಯ ಸಾಲಿನಲ್ಲಿ ಬಿರುಕು ಬಿಡುತ್ತದೆ. ಹಳೆಯ ಬನಿಯನ್ನಿನ ಚೂರನ್ನು ಎಣ್ಣೆಯಲ್ಲಿ ಅದ್ದಿ, ಚೀಲದ ಒಳಮೂಲೆಯನ್ನು ಬೆರಳಿನಿಂದ ಹೊರಕ್ಕೆ ತಿರುವಿ ಒರೆಸುತ್ತಿದ್ದಾಗ ಹೊಲಿಗೆಯ ಸಂದಿಯಿಂದ ಏನೋ ಒಂದು ಉದುರಿ ನನ್ನ ಧೋತರದ ಮೇಲೆ ಬಿತ್ತು. ಮೆಣಸಿನ ಕಾಳಿನಷ್ಟು ಅಗಲದ, ಗುಂಡಗಿನ, ಗುಲಾಬಿ ಬಣ್ಣದ ಕಾಗದದ ಚೂರು. ಮೊದಲು ಯಾವುದೋ ಹೂವಿನ ಎಸಳು ಅಂದುಕೊಂಡೆ. ಚಾಳೀಸು ಹಾಕಿಕೊಂಡು ನೋಡಿದ ಮೇಲೆ ತಿಳಿಯಿತು.

ನಿಮಗೂ ಸ್ವಲ್ಪ ವಯಸ್ಸಾಗಿದ್ದರೆ ಇದು ಗೊತ್ತಿರುತ್ತದೆ. ಬಸ್ಸಿನಲ್ಲಿ ಈಗಿನ ಯಂತ್ರಗಳು ಬರುವ ಮೊದಲು ಕಂಡಕ್ಟರು ಟಿಕೀಟಿಗೆ ಪಂಚು ಹೊಡೆದು ಕೊಡುತ್ತಿದ್ದರು. ಆ ತೂತಿನಿಂದ ಬಿದ್ದ ಚೂರು ಇದು. ಎಷ್ಟೋ ವರ್ಷ ಹೊಲಿಗೆಯ ಸಂದಿಯಲ್ಲಿ ಕುಳಿತು, ಯಾವ ಊರಿಗೂ ಇಳಿಯದೆ, ಇವತ್ತು ನನ್ನ ತೊಡೆಯ ಮೇಲೆ ಇಳಿದಿತ್ತು. ಚೀಲವನ್ನು ಮೂಗಿನ ಹತ್ತಿರ ತಂದೆ. ಔಡಲ ಎಣ್ಣೆಯ ವಾಸನೆಯ ಅಡಿಯಲ್ಲಿ ತೊಗಲಿನದು, ಅದರ ಅಡಿಯಲ್ಲಿ ಬೆವರು ಹತ್ತಿದ ನಾಣ್ಯಗಳದು.

ಚೀಲ ನನ್ನದಲ್ಲ. ಕೆಲವು ತಿಂಗಳು ನನ್ನದಾಗಿತ್ತು. ಈಗ ಎಣ್ಣೆ ಹಚ್ಚುವುದಕ್ಕಷ್ಟೇ ನನ್ನ ಮನೆಗೆ ಬಂದಿದೆ. ಸಂಜೆ ಒಯ್ದು ಕೊಡಬೇಕು. ಅಲ್ಲಿಯವರೆಗೆ ಹೊತ್ತಿದೆ. ತೊಗಲು ಎಣ್ಣೆ ಕುಡಿಯುವ ತನಕ ನೀವೂ ಕುಳಿತುಕೊಳ್ಳಿ.

ನಾನು ಶಾಲೆಯಿಂದ ನಿವೃತ್ತನಾದ ಮೇಲೆ ಹಕ್ಕಿಯ ಹುಚ್ಚು ಹಿಡಿಸಿಕೊಂಡವನು. ಕೆಲವರಿಗೆ ಆ ವಯಸ್ಸಿನಲ್ಲಿ ಭಜನೆ ಹಿಡಿಯುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ಒಂದು ಕ್ಯಾಮೆರಾ ಹಿಡಿಯಿತು. ತೀರ ದೊಡ್ಡದೇನಲ್ಲ, ಹಗುರವಾದದ್ದೇ. ಆದರೆ ದೂರದ ಹಕ್ಕಿಯನ್ನು ಎಳೆದು ಹತ್ತಿರ ತರುವಷ್ಟು ಉದ್ದದ ಮೂತಿ ಅದಕ್ಕಿತ್ತು. ಜೊತೆಗೆ ಒಂದು ದುರ್ಬೀನು, ಬೇರೆ ಬ್ಯಾಟರಿ, ಒರೆಸುವ ಬಟ್ಟೆ, ನೀರಿನ ಬಾಟಲಿ. ಇಷ್ಟನ್ನು ಹೊತ್ತು ತಿರುಗಲು ಒಂದು ಚೀಲ ಬೇಕು ಅಂತ ಹುಬ್ಬಳ್ಳಿಗೆ ಹೋದೆ. ಅಲ್ಲಿಂದ ನನ್ನ ಕಷ್ಟ ಸುರುವಾಯಿತು.

ಅಂಗಡಿಯವನು ಒಂದು ಬೆನ್ನಚೀಲವನ್ನು ನನ್ನ ಬೆನ್ನಿಗೆ ತಾನೇ ತೊಡಿಸಿ, ಹಿಂದೆ ಸರಿದು ನಿಂತು, "ಸರ, ಇದನ್ನ ಹಾಕ್ಕೊಂಡು ಹಿಮಾಲಯ ಹತ್ತಬಹುದು" ಅಂದ. ನಾನು ಹತ್ತಬೇಕಾಗಿದ್ದದ್ದು ಕಪ್ಪತಗುಡ್ಡ. ಆದರೂ ಹೇಳಬೇಕಾದ ಮಾತು ಹೇಳಬೇಕು, ಅದು ಬೆನ್ನ ಮೇಲೆ ಮಗು ಕುಳಿತ ಹಾಗೆ ಕೂರುತ್ತಿತ್ತು. ಹೆಗಲಿಗೆ ಮೆತ್ತೆ, ಸೊಂಟಕ್ಕೆ ಪಟ್ಟಿ. ಒಂದೇ ತೊಂದರೆ, ಕಳ್ಳರ ಭಯಕ್ಕೆ ಅದರ ಬಾಯಿಯನ್ನು ಬೆನ್ನಿಗೆ ತಾಗುವ ಬದಿಗೆ ಇಟ್ಟಿದ್ದರು. ಕ್ಯಾಮೆರಾ ಬೇಕೆಂದರೆ ಸೊಂಟದ ಪಟ್ಟಿ ಬಿಚ್ಚಿ, ಒಂದೊಂದೇ ತೋಳು ಹೊರತೆಗೆದು, ಜಾಲಿಮುಳ್ಳು ಇಲ್ಲದ ಜಾಗ ಹುಡುಕಿ ಮಲಗಿಸಿ, ಸುತ್ತಲೂ ಜಿಪ್ಪು ಎಳೆಯಬೇಕು. ಬಿಂಕದಕಟ್ಟಿಯ ಮೃಗಾಲಯದಲ್ಲಿ ಇದರಿಂದ ಏನೂ ತೊಂದರೆಯಾಗಲಿಲ್ಲ; ಅಲ್ಲಿನ ಪ್ರಾಣಿಗಳಿಗೆ ಬೇರೆ ಕೆಲಸವಿರಲಿಲ್ಲ. ಆದರೆ ಹರ್ತಿಯ ಹೊಲದ ದಾರಿಯಲ್ಲಿ ಒಂದು ದಿನ ನರಿಯೊಂದು ಎದುರಿಗೆ ಬಂದು ನಿಂತಿತು. ನಾನು ಪಟ್ಟಿ ಬಿಚ್ಚತೊಡಗಿದೆ. ಅದು ಕುಳಿತಿತು. ನಾನು ಚೀಲ ಮಲಗಿಸಿದೆ. ಅದು ಕಿವಿ ತುರಿಸಿಕೊಂಡಿತು. ಅದು ನನಗಾಗಿ ತನ್ನ ಕೈಲಾದಷ್ಟು ಕಾಯಿತು ಎಂದೇ ಇವತ್ತಿಗೂ ನನ್ನ ನಂಬಿಕೆ. ನಾನು ಕ್ಯಾಮೆರಾ ಎತ್ತಿದಾಗ ಅಲ್ಲಿ ಸಜ್ಜೆಯ ತೆನೆಗಳು ಮಾತ್ರ ಅಲ್ಲಾಡುತ್ತಿದ್ದವು.

ಎರಡನೆಯದು ಒಂಟಿ ಪಟ್ಟಿಯ ಬಗಲ ಚೀಲ. ಬಾಯಿ ಮೇಲಿತ್ತು, ಸರಿ. ಆದರೆ ಪಟ್ಟಿ ಹುರಿಯಂತೆ ಸಣ್ಣದು, ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯ ನರ ಹಿಡಿದುಕೊಳ್ಳುತ್ತಿತ್ತು. ಮೇಲಿನ ಮುಚ್ಚಳ ಅಂಟುಪಟ್ಟಿಯದು, ಎಳೆದರೆ ಚರ್‍ರ್ ಅಂತ ಬಿಚ್ಚುವುದು. ಡಂಬಳದ ಕೆರೆಯಲ್ಲಿ ಮಿಂಚುಳ್ಳಿಯೊಂದು ಕೈಗೆ ಸಿಗುವಷ್ಟು ಹತ್ತಿರ ಕುಳಿತಿತ್ತು. ಉಸಿರು ಹಿಡಿದು ಮುಚ್ಚಳ ಎಳೆದೆ. ಮಿಂಚುಳ್ಳಿ ಹೋಯಿತು, ಆಚೆ ದಂಡೆಯ ಬೆಳ್ಳಕ್ಕಿಗಳೂ ಹೋದವು. ನೀರಿನಲ್ಲಿ ಎತ್ತು ತೊಳೆಯುತ್ತಿದ್ದವನೊಬ್ಬ ತಿರುಗಿ ನೋಡಿ, "ಯಾರ ಧೋತರ ಹರೀತರಿ?" ಅಂದ.

ಆಮೇಲೆ ಹೆಂಡತಿಯ ಸಂತೆ ಚೀಲವನ್ನೂ ನೋಡಿದೆ. ಒಳಗೆ ಟವೆಲು ಹಾಸಿ ಕ್ಯಾಮೆರಾ ಇಟ್ಟರೆ ತೆಗೆಯುವುದಕ್ಕೆ ಅದರಷ್ಟು ಸಲೀಸು ಬೇರೆ ಇಲ್ಲ. ಆದರೆ ಒಂದು ಕೈ ಸದಾ ಚೀಲ ಹಿಡಿದೇ ಇರಬೇಕು, ಮತ್ತು ಮೂತಿಯ ಗಾಜಿನ ಮೇಲೆ ಒಮ್ಮೆ ಮೆಂತ್ಯದ ಎಲೆಯೊಂದು ಅಂಟಿಕೊಂಡು ಇಡೀ ದಿನದ ಚಿತ್ರಗಳಲ್ಲಿ ಹಸಿರು ಮೋಡ ಕವಿದಿತ್ತು. ಹೆಂಡತಿ ಹೇಳಿದಳು: "ಕ್ಯಾಮೆರಾ ಒಂದು, ಅದಕ್ಕ ಮನಿ ಮೂರು. ನಮಗ ಒಂದ ಮನಿ ಕಟ್ಟಸೂದ್ರಾಗ ನಿಮ್ಮ ತಲ್ಯಾಗಿನ ಕೂದಲಾ ಹೋದುವು."

ಈ ಕಥೆಗಳನ್ನೆಲ್ಲ ನಾನು ಒಯ್ದು ಸುರಿಯುತ್ತಿದ್ದದ್ದು ಇಮಾಮಸಾಬನ ಮುಂದೆ. ಅವನ ವಿಷಯ ಹೇಳದೆ ಚೀಲದ ವಿಷಯ ಮುಂದೆ ಹೋಗುವುದಿಲ್ಲ.

ಇಮಾಮ ಮತ್ತು ನಾನು ಬೆಟಗೇರಿಯ ಒಂದೇ ಶಾಲೆಯ ಒಂದೇ ಬೆಂಚಿನವರು. ಅವನು ಬಸ್ಸಿನ ಕಂಡಕ್ಟರ್ ಆದ, ನಾನು ಮಾಸ್ತರ ಆದೆ. ಅಂದಿನಿಂದ ಅವನು ನನ್ನ ಹೆಸರು ಬಿಟ್ಟು 'ಮಾಸ್ತರ' ಅನ್ನತೊಡಗಿದ, ಆದರೆ ಅದರ ಜೊತೆ ಒಂದು 'ಲೇ' ಇದ್ದೇ ಇರುತ್ತಿತ್ತು. ನಮ್ಮ ಕಡೆ ದೊಡ್ಡವರಿಗೆ, ಗುರುತಿಲ್ಲದವರಿಗೆ ಮಾತಿನ ಕೊನೆಯಲ್ಲಿ 'ರಿ' ಹಚ್ಚುತ್ತೇವೆ, ಬರ್ರಿ, ಕುಂಡ್ರಿ, ಅಂತ. ಹತ್ತಿರದವರಿಗೆ 'ಲೇ'. ಇಮಾಮನಿಂದ ಒಂದು 'ರಿ' ಪಡೆಯುವ ಭಾಗ್ಯ ನನಗೆ ನನ್ನ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಅವನದು ಬಹಳ ಕಾಲದ ಡ್ಯೂಟಿ. ನೀವು ಆ ದಾರಿಯವರಾದರೆ ಅವನ ಕೈಯನ್ನು ನೋಡಿರುತ್ತೀರಿ. ಮುಖ ನೆನಪಿರಲಿಕ್ಕಿಲ್ಲ, ಕೈ ಮರೆತಿರಲಿಕ್ಕಿಲ್ಲ. ಉದ್ದಕ್ಕೆ ಮಡಚಿದ ನೋಟುಗಳು ಎಡಗೈಯ ಬೆರಳ ಸಂದಿಯಲ್ಲಿ, ಬಲಗೈ ಚೀಲದೊಳಗೆ. ಕಣ್ಣು ಮಾತ್ರ ಚೀಲದ ಕಡೆ ಎಂದೂ ಹೋಗುತ್ತಿರಲಿಲ್ಲ. ಅದು ಬಾಗಿಲ ಹತ್ತಿರ ಜೋತವರ ಮೇಲೆ, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮುದುಕಿಯ ಮೇಲೆ. ಕೈ ತನ್ನಷ್ಟಕ್ಕೆ ಒಳಗೆ ಹೋಗಿ, ಬೇಕಾದದ್ದನ್ನೇ ಹಿಡಿದು ಹೊರಬಂದು, "ಹಿಡ್ರಿ" ಅನ್ನುವ ಮಾತಿನ ಜೊತೆ ನಿಮ್ಮ ಅಂಗೈಯಲ್ಲಿ ಕುಳಿತಿರುತ್ತಿತ್ತು. ಇಲಾಖೆ ಕೊಟ್ಟ ಚೀಲ ಹೆಗಲು ಕೊರೆಯುತ್ತದೆ ಅಂತ ಅವನು ಬೆಟಗೇರಿಯಲ್ಲೇ ಒಬ್ಬರ ಹತ್ತಿರ ತನಗೊಂದು ಚೀಲ ಹೊಲಿಸಿಕೊಂಡಿದ್ದ. ಎಡ ಹೆಗಲ ಮೇಲೆ ಅಗಲವಾಗಿ ಕೂರುವ ಪಟ್ಟಿ, ಹೊಟ್ಟೆಯ ಮುಂದೆ ಬಲಕ್ಕೆ ಬಾಯಿ, ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುವ ಮುಚ್ಚಳ. ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಸಪ್ಪಳವಿಲ್ಲ.

ಆ ದಾರಿಯಲ್ಲಿ ಮಾಗಡಿಯ ಕೆರೆ ಸಿಗುತ್ತದೆ. ಚಳಿಗಾಲಕ್ಕೆ ಅಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಹಗಲೆಲ್ಲ ನೀರಿನ ಮೇಲೆ ಇದ್ದು, ಹೊತ್ತು ಮುಳುಗುವಾಗ ಒಟ್ಟಿಗೆ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಇಮಾಮನ ಸಂಜೆಯ ಬಸ್ಸು ಆ ಹೊತ್ತಿಗೇ ಅಲ್ಲಿ ಹಾಯುತ್ತಿತ್ತು. ಕಿಟಕಿಯ ಬದಿಯವರು "ಎದ್ದೂ! ಎದ್ದೂ!" ಅಂತ ಕೂಗುತ್ತಿದ್ದರಂತೆ. "ನಾ ಚಿಲ್ಲರ ಕೊಟ್ಟು ತಲಿ ಎತ್ತೂದ್ರಾಗ ಕೆರಿ ಖಾಲಿ ಆಗಿರ್ತಿತ್ತಲೇ" ಅನ್ನುತ್ತಿದ್ದ. "ಇಡೀ ಬಸ್ಸು ನೋಡೇತಿ, ನಾ ಒಬ್ಬನ ನೋಡಿಲ್ಲ. ರಿಟೈರ್ ಆಗ್ಲಿ, ಏರಿ ಮ್ಯಾಲ ಕುಂತು ಪುರಾ ನೋಡ್ತೀನಿ. ಮದಲನೇ ಹಕ್ಕಿಯಿಂದ ಹಿಡದು."

ನಿವೃತ್ತನಾದ ಬೇಸಿಗೆಯಲ್ಲೇ ಅವನಿಗೆ ಲಕ್ವಾ ಹೊಡೆಯಿತು.

ಕಾಲು ತಿರುಗಿ ಬಂತು, ಕೋಲು ಹಿಡಿದು ನಡೆಯುವಷ್ಟು. ಮಾತು ಬಂತು, ತುಸು ತೊಡರುತ್ತ. ಬಲಗೈ ಬರಲಿಲ್ಲ. ಡಾಕ್ಟರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವನು ಅದನ್ನು ಎಡಗೈಯಿಂದ ಓಣಿಗೆ ಎಸೆದ. "ಮುದುಕ ಚಂಡ ಆಡೂದು ನೋಡಿ ಮಂದಿ ನಗಬೇಕೇನು?" ಆ ಮೇಲೆ ಕೈಯನ್ನು ತೊಡೆಯ ಮೇಲಿಟ್ಟು ಅದರ ಮೇಲೊಂದು ಟವೆಲು ಹೊದಿಸಿ ಕೂರುತ್ತಿದ್ದ. ಮನೆಯಿಂದ ಹೊರಗೆ ಬರುವುದನ್ನು ಬಿಟ್ಟ. ಬಂದವರ ಮುಂದೆ ಟೀ ಕಪ್ಪು ಮುಟ್ಟುತ್ತಿರಲಿಲ್ಲ. ಅವನ ಹೆಂಡತಿ ಖತೀಜಾ ಭಾಬಿ ಒಂದು ದಿನ ನನ್ನನ್ನು ಬಾಗಿಲ ತನಕ ಕಳಿಸಲು ಬಂದು ಹೇಳಿದರು: "ಅಣ್ಣಾರ, ಅವರು ಆ ಕೈನ ತಮ್ಮದಲ್ಲ ಅಂತಾರ್ರಿ. 'ಇದರ ಪಾಡಿಗೆ ಇದನ್ನ ಬಿಡು, ಇದು ಸತ್ತೈತಿ' ಅಂತಾರ. ಕೈ ಹೋದ್ರ ಹೋಗ್ಲಿ ಅಂದೇನ್ರಿ ನಾನು. ಆದ್ರ ಅದರ ಸಂಗಾಟ ಅವರೂ ಹೊಂಟಾರ."

ಅವನನ್ನು ನಗಿಸುವುದೊಂದೇ ನನ್ನಿಂದ ಆಗುವಂಥದ್ದು. ಹಾಗಾಗಿ ನನ್ನ ಚೀಲಗಳ ಕಥೆ. ನರಿಯದನ್ನು ಹೇಳಿದ ದಿನ ಅವನು ಬೆನ್ನಚೀಲವನ್ನು ಬಹಳ ಹೊತ್ತು ನೋಡಿದ.

"ಲೇ ಮಾಸ್ತರ, ಇದರ ಬಾಯಿ ಎಲ್ಲೈತಿ?"

"ಬೆನ್ನಿಗೆ."

"ಬಾಯಿ ಬೆನ್ನಿಗಿದ್ರ ಉಣ್ಣೂದು ಹ್ಯಾಂಗಲೇ ಅದು?"

ಅಷ್ಟು ಹೇಳಿ ನಕ್ಕ. ಮುಖದ ಒಂದು ಬದಿ ಮಾತ್ರ ನಕ್ಕಿತು, ಆದರೆ ನಕ್ಕದ್ದು ಖರೆ. ಅಡಿಗೆಮನೆಯಿಂದ ಭಾಬಿ ಇಣುಕಿ ನೋಡಿದರು. ನಗು ನಿಂತ ಮೇಲೆ ಅವನು ಅವರ ಕಡೆ ತಿರುಗಿ, "ಜ್ವಾಳದ ಡಬ್ಬಿ ಹಿಂದ ಮುಚ್ಚಿಟ್ಟೀಯಲ್ಲ, ಅದನ್ನ ತಂದು ಇವಗ ಕೊಡು" ಅಂದ. ಅವನ ಕಣ್ಣಿಗೆ ಬೀಳಬಾರದು ಅಂತ ಭಾಬಿ ಚೀಲವನ್ನು ಕಾಳಿನ ಡಬ್ಬದ ಹಿಂದೆ ಇಟ್ಟಿದ್ದರು. ಅವನಿಗೆ ಅದು ಗೊತ್ತೇ ಇತ್ತು. ಅವರು ತಂದರು, ಸೆರಗಿನಿಂದ ಧೂಳು ಒರೆಸಿದರು, ಕೊಡದೆ ನಿಂತರು.

"ಕೊಡು. ಸತ್ತವನ ಸಾಮಾನ ಅಲ್ಲ. ನಾನ ಕೊಡಾಕತ್ತೀನಿ" ಅಂದ.

ಭಾಬಿ ಆ ವಾರ ತಾವೇ ಹಳೆಯ ಕೌದಿಯ ತುಂಡೊಂದನ್ನು ಕತ್ತರಿಸಿ ಒಳಗೆ ಹಾಸಿ ಹೊಲಿದುಕೊಟ್ಟರು, ನಡುವೆ ಒಂದು ಅಡ್ಡಗೋಡೆಯನ್ನೂ ಎಬ್ಬಿಸಿದರು. ಒಂದು ಕಡೆ ಕ್ಯಾಮೆರಾ, ಇನ್ನೊಂದು ಕಡೆ ದುರ್ಬೀನು. ಹೆಗಲಿಗೆ ಹಾಕಿಕೊಂಡು ಓಣಿಯ ತುದಿಯವರೆಗೆ ನಡೆದೆ. ನಾನು ಹುಬ್ಬಳ್ಳಿಯಲ್ಲಿ ಹುಡುಕಿದ್ದೆಲ್ಲ ಇದರಲ್ಲಿ ಇತ್ತು. ಭಾರ ಒಂದೇ ಕಡೆ ಬೀಳುತ್ತಿರಲಿಲ್ಲ, ಬಗ್ಗಿದರೆ ತೂಗಾಡುತ್ತಿರಲಿಲ್ಲ, ಕೈ ಇಳಿಬಿಟ್ಟರೆ ನೇರ ಕ್ಯಾಮೆರಾದ ಮೇಲೆ ಹೋಗುತ್ತಿತ್ತು. ಇಮಾಮನ ಹೆಗಲಿನ ತಗ್ಗು ಆ ಪಟ್ಟಿಯಲ್ಲಿ ಮೂಡಿತ್ತು. ಅದು ನನ್ನ ಹೆಗಲಿಗೆ ಸರಿಯಾಗಿ ಹೊಂದಲಿಲ್ಲ ಅನ್ನುವುದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಆದರೆ ನಾನು ಎಣಿಸದ ಒಂದು ಸಂಗತಿ ಇತ್ತು. ಆ ಚೀಲ ಹಾಕಿಕೊಂಡು ಮೊದಲ ಸಲ ಮುಂಡರಗಿಯ ಬಸ್ಸು ಹತ್ತಿದೆ. ಸೀಟಿಲ್ಲ, ನಡುವೆ ಕಂಬಿ ಹಿಡಿದು ನಿಂತೆ. ಬಸ್ಸು ಊರು ಬಿಡುವುದರೊಳಗೆ ಒಬ್ಬಳು ಹೆಣ್ಣುಮಗಳು ತನ್ನ ಆಧಾರ ಕಾರ್ಡನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಡಂಬಳ, ಎರಡು" ಅಂದಳು. ಹಿಂದಿನವಳು, "ಮೂರ ಮಾಡ್ರಿ, ನಮ್ಮತ್ತಿ ಹಿಂದ ಅದಾಳ." ಧೋತರದ ಕಂಡಕ್ಟರು ಎಲ್ಲಿಯಾದರೂ ಉಂಟೇ ಎಂದು ಯಾರೂ ಯೋಚಿಸಲಿಲ್ಲ. ಹೆಂಗಸರಿಗೆ ಬಸ್ಸು ಫುಕಟ ಆದ ಮೇಲೆ ಚೀಲ ಕಂಡಲ್ಲಿ ಕಾರ್ಡು ತೋರಿಸುವುದು ಅವರಿಗೆ ರೂಢಿ. ನಾನು ನಾಚಿಕೊಂಡು "ನಾನಲ್ರಿ, ನಾನಲ್ಲ" ಅನ್ನುತ್ತಿರುವಾಗ ಮುಂದಿನಿಂದ ನಿಜವಾದ ಕಂಡಕ್ಟರ್, ನನ್ನ ಮಗಳ ವಯಸ್ಸಿನವಳು, ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಾರ, ಮಶೀನ ನಂದು, ಚೀಲ ನಿಮ್ದು. ಪಗಾರ ಹ್ಯಾಂಗ ಹಂಚಕೊಳ್ಳೂಣು?"

ಇದನ್ನು ಹೇಳಿದಾಗ ಇಮಾಮ ಕೆಮ್ಮು ಬರುವ ತನಕ ನಕ್ಕ. ಆಮೇಲೆ ಪ್ರಶ್ನೆ ಸುರುವಾದವು. ಎಲ್ಲಿ ನಿಂತಿದ್ದೆ? ಬಾಗಿಲ ಕಡೆ ಮುಖ ಇತ್ತೋ ಬೆನ್ನಿತ್ತೋ? "ಬೆನ್ನ ಮಾಡಿ ನಿಲ್ಲಬಾರದಲೇ, ಮಂದಿ ಜೋಲಿ ತಪ್ಪಿದ್ರ ನಿನಗ ಕಾಣಂಗಿಲ್ಲ." ಅಂದಿನಿಂದ ಪ್ರತಿ ಸಲ ನಾನು ಬಸ್ಸಿನ ವರದಿ ಒಪ್ಪಿಸಬೇಕಾಯಿತು. ಹಕ್ಕಿಯ ಚಿತ್ರಗಳನ್ನು ಅವನು ಒಮ್ಮೆಯೂ ಕೇಳಲಿಲ್ಲ.

ಹೋದ ಚಳಿಗಾಲ ಮಾಗಡಿಗೆ ಹಕ್ಕಿ ಬಂದಿವೆ ಅನ್ನುವ ಖಬರ ಬಂತು. ಹೋಗೋಣ ಅಂದೆ. ಅವನು ಟವೆಲಿನ ಕಡೆ ನೋಡಿ, "ಆ ದಾರಿ ಮಂದಿಗೆಲ್ಲ ನನ್ನ ಗುರ್ತು ಐತಿ. ಈ ಕೈ ತಗೊಂಡು ನಾ ಬಸ್ ಹತ್ತೂದಿಲ್ಲ" ಅಂದ. ಭಾಬಿ ಬಿಡಲಿಲ್ಲ.

"ನೀವು ಬರಬ್ಯಾಡ್ರಿ. ನಾ ಹೊಂಟೆ ಅಣ್ಣಾರ ಜೋಡಿ. ಜಲಮದಾಗ ನಿಮ್ಮ ಬಸ್ಸಿನ್ಯಾಗ ನನ್ನ ಒಂದ ಸಲ ಪುಗಸಟ್ಟೆ ಕರಕೊಂಡ ಹೋಗಲಿಲ್ಲ ನೀವು. ಈಗ ಸರಕಾರನ ಕರದೈತಿ."

ಭಾಬಿ ತನಗಿಂತ ಮೊದಲು ನೋಡುವುದೆಂದರೆ ಅವನಿಗೆ ತಡೆಯಲಾಗಲಿಲ್ಲ. ಬಂದ.

ಬಸ್ಸಿನಲ್ಲಿ ಅವನಂಜಿದಂತೆಯೇ ಆಯಿತು. ಮುಳಗುಂದದಲ್ಲಿ ಹತ್ತಿದ ಮುದುಕಿಯೊಬ್ಬಳು ಅವನನ್ನು ದಿಟ್ಟಿಸಿ ನೋಡಿ, "ಏ, ನೀ ಇಮಾಮಸಾಬ ಅಲ್ಲೇನೋ ತಮ್ಮಾ? ನೀ ಬಿಟ್ಟಮ್ಯಾಲೆ ನನ್ನ ಯಾರೂ ಎಬಸೂದಿಲ್ಲಪಾ. ಎರಡ ಸಲ ಲಕ್ಷ್ಮೇಶ್ವರಕ್ಕ ಹೋಗಿ ಬಂದೆ ನಿದ್ದ್ಯಾಗ" ಅಂದಳು. ಅವಳು ಕೈಯನ್ನು ನೋಡಲೇ ಇಲ್ಲ. ಇಮಾಮ ಕಿಟಕಿಯ ಕಡೆ ಮುಖ ತಿರುಗಿಸಿದ. ಅವಳ ಊರು ಬಂದಾಗ ಮಾತ್ರ, ತೊಡರುವ ನಾಲಿಗೆಯಲ್ಲೇ ಊರ ಹೆಸರನ್ನು ಕೂಗಿದ. ಅವಳು ಎಚ್ಚರವಾಗಿಯೇ ಇದ್ದಳು.

ಕೆರೆಯ ಏರಿಗೆ ನಾವು ಬಂದಾಗ ಹೊತ್ತು ಇಳಿದಿತ್ತು. ಇಳಿಜಾರಿನಲ್ಲಿ ಅವನನ್ನು ಹಿಡಿದು ನಡೆಸಲು ನನಗೆ ಎರಡೂ ಕೈ ಬೇಕಾದವು. ಹೊಟ್ಟೆಯ ಮುಂದಿದ್ದ ಚೀಲ ನಮ್ಮಿಬ್ಬರ ನಡುವೆ ಅಡ್ಡ ಬರುತ್ತಿತ್ತು. ಬೇರೆ ಏನೂ ಯೋಚಿಸದೆ ಅದನ್ನು ತೆಗೆದು ಅವನ ಎಡ ಹೆಗಲಿಗೆ ಹಾಕಿದೆ. ಅವನು ಬೇಡ ಅನ್ನಲಿಲ್ಲ. ಪಟ್ಟಿ ತನ್ನ ತಗ್ಗಿನಲ್ಲಿ ಹೋಗಿ ಕುಳಿತದ್ದನ್ನು ನೋಡಿದೆ. ಏರಿಯ ಮೇಲೆ ಒಂದು ಕಲ್ಲಿನ ಹತ್ತಿರ ಮೂವರೂ ನಿಂತೆವು. ಟವೆಲು ಭಾಬಿಯ ಕೈಯಲ್ಲಿತ್ತು; ನಡೆಯುವಾಗ ಜಾರಿದ್ದನ್ನು ಅವರು ಎತ್ತಿಕೊಂಡಿದ್ದರು, ತಿರುಗಿ ಹೊದಿಸಿರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು.

ಹೆಬ್ಬಾತುಗಳು ಕೆರೆಯ ನಡುವೆ ಇದ್ದವು, ಬೂದಿ ಬಣ್ಣದ ಒಂದು ನಡುಗಡ್ಡೆಯ ಹಾಗೆ. ಅಷ್ಟು ಹೊತ್ತು ಗಜಗಜ ಅನ್ನುತ್ತಿದ್ದವು ಒಮ್ಮೆಲೇ ಸುಮ್ಮನಾದವು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಏಳುವ ಮೊದಲು ಒಂದು ಮೌನ ಇರುತ್ತದೆ. ಕುತ್ತಿಗೆಗಳೆಲ್ಲ ನೆಟ್ಟಗಾದವು. ಆಚೆ ತುದಿಯಲ್ಲಿ ಒಂದು ಕೂಗಿತು. ಆಮೇಲೆ ನೀರಿನ ಚರ್ಮವನ್ನೇ ಆ ತುದಿಯಿಂದ ಈ ತುದಿಗೆ ಯಾರೋ ಸುಲಿಯುತ್ತ ಬಂದಂತೆ ಅವು ಎದ್ದವು. ಸಪ್ಪಳ ಕಿವಿಗಿಂತ ಮೊದಲು ಎದೆಗೆ ಬಂತು. ಕರೆಂಟು ಹೋಗಿ ಬಂದಾಗ ಬೆಟಗೇರಿಯ ಓಣಿಯ ಮಗ್ಗಗಳೆಲ್ಲ ಒಂದೇ ಗಳಿಗೆಗೆ ಸುರುವಾಗುತ್ತವಲ್ಲ, ಹಾಗೆ. ಕೆರೆಯ ಕೆಸರಿನ ವಾಸನೆ ಗಾಳಿಯಾಗಿ ಮುಖಕ್ಕೆ ಹೊಡೆಯಿತು. ಅವು ನಮ್ಮ ತಲೆಯ ಮೇಲೇ ಬಂದವು, ತೀರ ಕೆಳಗೆ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ಕಾಣುವಷ್ಟು, ರೆಕ್ಕೆಯ ಅಡಿಯಲ್ಲಿ ಮುಳುಗುವ ಸೂರ್ಯನ ಬೆಳಕು ಕೆಂಪಾಗಿ ಕಾಣುವಷ್ಟು. ಇವು ಹಿಮಾಲಯ ದಾಟಿ ಬಂದವು ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಹೇಳುವಾಗ ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಯಾವ ಚೀಲವೂ ಇಲ್ಲದೆ ಬಂದಿದ್ದವು. ಏರಿಯ ಮೇಲೆ ನೆರಳು ಬಿದ್ದು ತಂಪಾಯಿತು. ಅವನು ಜೋಲಿ ತಪ್ಪಿದರೆ ಹಿಡಿಯಲೆಂದು ಚಾಚಿದ ಕೈಯನ್ನು ಹಾಗೇ ಬಿಟ್ಟು, ನಾನು ಬಾಯಿ ತೆರೆದು ನಿಂತಿದ್ದೆ. ಕ್ಯಾಮೆರಾ ಅನ್ನುವ ವಸ್ತು ಜಗತ್ತಿನಲ್ಲಿ ಇದೆ ಅನ್ನುವುದೇ ಮರೆತಿತ್ತು.

ಅಂಗೈಗೆ ಏನೋ ತಾಗಿತು.

"ಹಿಡ್ರಿ."

ನೋಡಿದೆ. ಕ್ಯಾಮೆರಾ ನನ್ನ ಅಂಗೈಯಲ್ಲಿತ್ತು. ಅದರ ಪಟ್ಟಿಯನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಹಿಡಿದದ್ದು ಇಮಾಮನ ಕೈ. ಬಲಗೈ. ಬಹಳ ಮೇಲಕ್ಕೇನೂ ಎತ್ತಿರಲಿಲ್ಲ. ಚೀಲದ ಬಾಯಿಯಿಂದ ಒಂದು ಗೇಣು. ಬೆರಳುಗಳು ಬಿಗಿಯಾಗಿದ್ದವು, ಉಗುರು ಬೆಳ್ಳಗಾಗಿತ್ತು. ಅವನ ಮುಖ ಆಕಾಶದಲ್ಲಿತ್ತು. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ತಾನು ಏನು ಮಾಡಿದೆ, ಏನು ಅಂದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

'ಹಿಡ್ರಿ' ಅಂದಿದ್ದ. ನನಗೆ. ಆ 'ರಿ' ಕೇಳಿದ್ದರಿಂದಲೇ ನನಗೆ ತಿಳಿಯಿತು, ನನಗೆ ಕ್ಯಾಮೆರಾ ಕೊಟ್ಟವನು ನನ್ನ ಗೆಳೆಯನಲ್ಲ. ಕಣ್ಣು ಮೇಲಿದ್ದಾಗ, ಚೀಲ ಹೆಗಲ ಮೇಲಿದ್ದಾಗ, ಎದುರಿಗೆ ಒಬ್ಬ ಕೈ ಚಾಚಿ ನಿಂತಿದ್ದಾಗ, ಆ ಕೈ ತನಗೆ ಗೊತ್ತಿದ್ದ ಕೆಲಸಕ್ಕೆ ತಾನೇ ಹೋಗಿತ್ತು.

ಭಾಬಿಯೂ ನೋಡಿದ್ದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ನನ್ನ ಕಡೆ ತಲೆ ಅಲ್ಲಾಡಿಸಿದರು, ಮಾತಾಡಬೇಡಿ ಅಂತ. ಆದರೂ ನಮ್ಮ ಸುಮ್ಮನಿರುವಿಕೆ ಅವನಿಗೆ ಕೇಳಿಸಿತು ಅಂತ ಕಾಣುತ್ತದೆ. ಕೊನೆಯ ಹಕ್ಕಿ ದಾಟಿದ ಮೇಲೆ ಅವನು ಕೆಳಗೆ ನೋಡಿದ. ನೋಡಿದ ಕೂಡಲೇ ಬೆರಳು ಸಡಿಲಾದವು, ಕೈ ಜೋತುಬಿತ್ತು, ಮೊದಲಿನ ಹಾಗೇ.

"ಏನಾತಲೇ?" ಅಂದ. ಆಮೇಲೆ ನಮ್ಮಿಬ್ಬರ ಮುಖ ನೋಡಿ ಅವನಿಗೂ ತಿಳಿಯಿತು. ಅಲ್ಲೇ ಏರಿಯ ಮೇಲೆ ಕುಳಿತುಬಿಟ್ಟ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅದನ್ನು ನೋಡುತ್ತ ಬಹಳ ಹೊತ್ತು ಕುಳಿತ, ಊರಿಗೆ ಬಂದ ನೆಂಟನನ್ನು ನೋಡುವ ಹಾಗೆ. ಭಾಬಿ ಟವೆಲನ್ನು ಮಡಚಿ ತಮ್ಮ ಚೀಲದೊಳಗೆ ಹಾಕಿಕೊಂಡರು.

ನನ್ನ ಕ್ಯಾಮೆರಾದಲ್ಲಿ ಆ ದಿನ ಬಂದದ್ದು ದೂರ ಹೋದ ಕೆಲವು ಕಪ್ಪು ಚುಕ್ಕೆಗಳು. ಅವನಿಗೆ ತೋರಿಸಿದಾಗ, "ಇದೇನಲೇ, ನೊಣ? ನಾ ಪುರಾ ನೋಡೇನಿ ಬಿಡು" ಅಂದ.

ಡಾಕ್ಟರು ಹೆಚ್ಚು ಆಶೆ ಕೊಡಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕೆಲವರಿಗೆ ಹಳೆಯ ರೂಢಿಯ ದಾರಿ ಉಳಿದಿರುತ್ತದೆ, ಆ ಕೆಲಸವನ್ನೇ ದಿನವೂ ಮಾಡಿಸಿ ನೋಡಿ ಅಂದರು. ಚೀಲವನ್ನು ನಾನು ಆ ವಾರವೇ ಹಿಂದಿರುಗಿಸಿದೆ. ಭಾಬಿ ಕೌದಿಯ ಹಾಸನ್ನು ಬಿಚ್ಚಿ ತೆಗೆದರು; ಈಗ ಅದರಲ್ಲಿ ಹುರಿದ ಶೇಂಗಾ ತುಂಬಿಸಿ ಅವನ ಹೆಗಲಿಗೆ ಹಾಕಿ ಬಾಗಿಲಲ್ಲಿ ಕೂರಿಸುತ್ತಾರೆ. ಮನೆಗೆ ಬಂದವರು ಕೈ ಚಾಚಬೇಕು, ಬೇರೆ ಕಡೆ ನೋಡುತ್ತ ಮಾತಾಡಬೇಕು. ಎಷ್ಟೋ ದಿನ ಏನೂ ಬರುವುದಿಲ್ಲ. ಕೆಲವು ದಿನ ಎರಡು ಶೇಂಗಾ ಬರುತ್ತವೆ, ಜೊತೆಗೆ ಒಂದು "ಹಿಡ್ರಿ". ಯಾವಾಗಲೂ 'ರಿ'. ಕೈ ಬಂದ ದಿನವೆಲ್ಲ ಮಾತು ಕಂಡಕ್ಟರನದು. 'ಲೇ' ಅನ್ನುವ ಇಮಾಮ ಕೈಯ ಕಡೆ ನೋಡಿದರೆ ಅದು ನಿಂತುಬಿಡುತ್ತದೆ. "ನನ್ನ ಕೈ ಐತಿ, ಆದ್ರ ನನ್ನ ಮಾತ ಕೇಳೂದಿಲ್ಲ. ಮಂದಿ ಮಾತ ಕೇಳತೈತಿ" ಅಂತ ಒಮ್ಮೆ ಬಹಳ ಬೇಸರದಿಂದ ಹೇಳಿದ.

ಯಾವ ಚೀಲ ಒಳ್ಳೆಯದು ಅಂತ ಈಗ ಹೊಸದಾಗಿ ಕ್ಯಾಮೆರಾ ಕೊಂಡವರು ನನ್ನನ್ನು ಕೇಳುತ್ತಾರೆ. ಪಟ್ಟಿ ಅಗಲವಿರಲಿ, ಬಾಯಿ ಮುಂದಿರಲಿ, ಸಪ್ಪಳ ಆಗದಿರಲಿ ಅನ್ನುತ್ತೇನೆ. ನಾನು ಮತ್ತೆ ಸಂತೆ ಚೀಲಕ್ಕೇ ಬಂದಿದ್ದೇನೆ.

ಎಣ್ಣೆ ಇಂಗಿತು. ಗುಲಾಬಿ ಚೂರನ್ನು ಇದ್ದ ಸಂದಿಗೇ ಬೆರಳಿನಿಂದ ತುರುಕಿದೆ. ಸಂಜೆ ಚೀಲ ತೆಗೆದುಕೊಂಡು ಹೋದೆ; ಇಲ್ಲಿಂದಾಚೆಯದನ್ನು ಮನೆಗೆ ಬಂದ ಮೇಲೆ ಬರೆಯುತ್ತಿದ್ದೇನೆ. ಇಮಾಮ ಬಾಗಿಲಲ್ಲಿ ಕುಳಿತಿದ್ದ. ಭಾಬಿ ಹಿಂದೆ ಶೇಂಗಾದ ಸಿಪ್ಪೆ ಕೇರುತ್ತಿದ್ದರು. ನಾನು ಪಟ್ಟಿಯನ್ನು ಹಿಡಿದು ಚೀಲವನ್ನು ಅವನ ಮುಂದೆ ಚಾಚಿ, ನಾವೆಲ್ಲ ಕಲಿತಿರುವಂತೆ, ಓಣಿಯ ಮೇಲಿನ ಆಕಾಶ ನೋಡುತ್ತ ನಿಂತೆ. ಮಾಗಡಿಗೆ ಹಕ್ಕಿ ಇನ್ನೂ ಬಂದಿಲ್ಲವಂತೆ, ಈ ಸಲ ತಡ ಅಂತ ಏನೋ ಹೇಳುತ್ತಿದ್ದೆ. ಅವನು ಆಕಾಶ ನೋಡುತ್ತಿಲ್ಲ ಅಂತ ನನಗೆ ಅನ್ನಿಸಿತು. ಅವನು ತನ್ನ ಕೈಯನ್ನೇ ನೋಡುತ್ತಿದ್ದಾನೆ, ಇನ್ನು ಬರುವುದಿಲ್ಲ ಅಂದುಕೊಂಡೆ. ನನ್ನ ತೋಳು ನೋಯತೊಡಗಿತು. ಭಾಬಿಯ ಮೊರದ ಸಪ್ಪಳ ನಿಂತಿತು.

ಪಟ್ಟಿಯ ಇನ್ನೊಂದು ತುದಿ ಬಿಗಿಯಾಯಿತು. ಮೊದಲು ತುಸು, ಆಮೇಲೆ ಎಳೆಯುವಷ್ಟು.

"ಬಿಡಲೇ ಮಾಸ್ತರ" ಅಂದ ಇಮಾಮ. "ಹಿಡದೀನಿ."